ಏಳನೆಯ ಗರಿ

ಅವನ ಎರಡು ಕಣ್ಣೂ ಚೆನ್ನಾಗಿಯೇ ಇವೆ. ಆದರೂ ಬೀದಿಯವರಿಗೆಲ್ಲ ಅವನು ಒಕ್ಕಣ್ಣ. ಬಿದಿರಿನ ಬಾಣ ಮಾಡುವವನು ಕಡ್ಡಿಯ ಸೊಟ್ಟ ಹಿಡಿಯಲು ಒಂದು ಕಣ್ಣು ಮುಚ್ಚಲೇಬೇಕು. ಮೂವತ್ತು ವರ್ಷ ಮುಚ್ಚಿ ಮುಚ್ಚಿ ಅದು ಚಟವಾಗಿದೆ. ಬಾಗಿಲ ಚೌಕಟ್ಟು, ಬಸ್ಸಿಗೆ ನಿಂತವರ ಸಾಲು, ಹೊಸ ಪೊರಕೆ, ಎಲ್ಲವನ್ನೂ ಅವನು ಒಂದೇ ಕಣ್ಣಲ್ಲಿ ಅಳೆಯುತ್ತಾನೆ. ಕೆಲಸ ಕಲಿಯುತ್ತಿದ್ದಾಗ ಗುರುವಿನ ದೊಡ್ಡ ಮಗಳನ್ನೂ ಹಾಗೆಯೇ ನೋಡಿದ್ದ. ಕಣ್ಣು ಹೊಡೆದನೆಂದು ತಿಳಿದು ಮೋಸಹೋದೆ ಎಂದು ಆಕೆ, ಅಂದರೆ ಅವನ ಹೆಂಡತಿ, ಈಗಲೂ ಹೇಳುತ್ತಾಳೆ.

ಬೀದಿಗೆ ಕಿಟಕಿಯಿರುವ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಬಿದಿರು, ನೆಲದ ಮೇಲೆ ಕೆಂಡದ ಬಟ್ಟಲು, ಮಂಡಿಯ ಪಕ್ಕ ಓರೆಯಾಗಿ ಕಚ್ಚು ಕೊರೆದ ಮರದ ತುಂಡು. ಕಡ್ಡಿಯನ್ನು ಕೆಂಡದ ಮೇಲೆ ಹೊರಳಿಸುವುದು, ಬಿಸಿ ಇರುವಾಗಲೇ ಕಚ್ಚಿಗೆ ಸಿಕ್ಕಿಸಿ ಒತ್ತುವುದು, ಕಣ್ಣು ಮುಚ್ಚಿ ನೋಡುವುದು, ಮತ್ತೆ ಹೊರಳಿಸುವುದು. ಒಂದು ಡಜನ್ ಎಂದರೆ ಹನ್ನೆರಡು ಬಾಣವಲ್ಲ, ಹನ್ನೆರಡು ಅವಳಿ ಮಕ್ಕಳು: ಗೆಣ್ಣುಗಳು ಒಂದೇ ಸಾಲಿಗೆ ಬರಬೇಕು, ತೂಕದಲ್ಲಿ ಒಂದಕ್ಕೊಂದು ಜಗಳವಾಡಬಾರದು.

ಇಂಥವನ ಎದೆಯೊಳಗಿನ ಒಂದು ಕಡ್ಡಿ ಮಾತ್ರ ಯಾವ ಕೆಂಡಕ್ಕೂ ನೆಟ್ಟಗಾಗಿರಲಿಲ್ಲ. ಅದು ಅವನ ಷಡ್ಡಕ.

ಷಡ್ಡಕ ಮೊದಲು ಕೊಡೆ ರಿಪೇರಿ ಮಾಡುತ್ತಿದ್ದವನು. ತಡವಾಗಿ ಬಂದು ಮಾವನ ಬಳಿ ಕೆಲಸ ಕಲಿತು, ಕಿರಿಯ ಮಗಳನ್ನು ಮದುವೆಯಾದ. ಮಾವ ಹೊಗಳುವುದರಲ್ಲಿ ಮಹಾ ಜಿಪುಣ. ಹತ್ತು ವರ್ಷ ದುಡಿದ ಒಕ್ಕಣ್ಣನಿಗೆ ಸಿಕ್ಕ ಅತಿ ದೊಡ್ಡ ಬಿರುದು ‘ಪರವಾಗಿಲ್ಲ’. ಷಡ್ಡಕನ ಐದನೆಯ ಬಾಣವನ್ನು ಮಾತ್ರ ಬೆರಳ ಮೇಲೆ ತೂಗಿ ನೋಡಿ, ‘ಇದು ಬಾಣ’ ಎಂದುಬಿಟ್ಟರು.

“ಹಾಗಾದ್ರೆ ನಾನು ಇಷ್ಟು ದಿನ ಮಾಡಿದ್ದೇನು, ಹಲ್ಲು ಚುಚ್ಚೋ ಕಡ್ಡಿನಾ?” ಎಂದು ಅವನು ಅಂದು ರಾತ್ರಿ ಹೆಂಡತಿಯನ್ನು ಕೇಳಿದ್ದ. ಆಮೇಲೂ ವರ್ಷಕ್ಕೆ ನಾಲ್ಕೈದು ಸಲವಾದರೂ ಕೇಳುತ್ತಲೇ ಬಂದ.

ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಬಿಲ್ಲುಗಾರಿಕೆಯ ಮೈದಾನದ ಜಗಲಿಯಲ್ಲಿ ಅವರು ಕೂತು ಬಾಣ ದುರಸ್ತಿ ಮಾಡುತ್ತಿದ್ದ ಜಾಗ ಖಾಲಿಯೇ ಉಳಿದಿತ್ತು. ಕಲಿಸುವ ಮೇಡಂ ಕೊನೆಗೆ ಇಬ್ಬರು ಅಳಿಯಂದಿರಿಗೂ ಹೇಳಿ ಕಳಿಸಿದರು: ತಿಂಗಳ ಕೊನೆಗೆ ಒಂದೊಂದು ಡಜನ್ ತನ್ನಿ, ಯಾರದ್ದು ಚೆನ್ನಾಗಿ ಹಾರುತ್ತದೋ ಅವರಿಗೆ ಆ ಜಾಗ. ಒಕ್ಕಣ್ಣನಿಗೆ ಅನ್ನ ರುಚಿಸದಾಯಿತು. ಜಗಲಿಯಲ್ಲಿ ಷಡ್ಡಕ ಕಾಲು ಚಾಚಿ ಕೂತಿದ್ದಾನೆ, ತಾನು ಬೇಲಿಯಾಚೆ ನಿಂತು ‘ಚೆನ್ನಾಗಿದ್ದೀಯೇನಯ್ಯ’ ಎಂದು ಕೇಳುತ್ತಿದ್ದಾನೆ, ಈ ಚಿತ್ರ ತಟ್ಟೆಯಲ್ಲೇ ಕಾಣುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಷಡ್ಡಕನ ಮನೆಯಲ್ಲಿ ಊಟ. ಹೆಂಗಸರು ಅಡುಗೆಮನೆಯಲ್ಲಿ, ಷಡ್ಡಕ ಮೊಸರು ತರಲು ಅಂಗಡಿಗೆ. ಮೇಜಿನ ಮೇಲೆ ಎರಡು ಡಬ್ಬಿ: ಒಂದರಲ್ಲಿ ಬಾತುಕೋಳಿಯ ಎಡರೆಕ್ಕೆಯ ಗರಿ, ಇನ್ನೊಂದರಲ್ಲಿ ಬಲರೆಕ್ಕೆಯದು. ಒಂದು ಬಾಣಕ್ಕೆ ಮೂರು ಗರಿ; ಮೂರೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡದ ಜೊತೆ ಒಂದು ಬಲ ಸೇರಿತೋ, ಬಾಣ ಗಾಳಿಯಲ್ಲಿ ಕುಡಿದವನಂತೆ ತೂರಾಡುತ್ತದೆ. ಒಕ್ಕಣ್ಣ ಒಂದು ಕಣ್ಣು ಮುಚ್ಚಿ ಬಾಗಿಲು ನೋಡಿದ. ಬಲದ ಡಬ್ಬಿಯಿಂದ ಏಳು ಗರಿ ತೆಗೆದು ಎಡದ ಡಬ್ಬಿಯಲ್ಲಿ ಕಲಸಿದ. ಮೊಸರು ಬರುವಷ್ಟರಲ್ಲಿ ಪೇಪರ್ ಓದುತ್ತ ಕೂತಿದ್ದ. ಅಂದು ಎರಡು ಸಲ ಅನ್ನ ಹಾಕಿಸಿಕೊಂಡ.

ಹತ್ತು ದಿನದ ಮೇಲೆ ನಾದಿನಿ ಅಕ್ಕನನ್ನು ನೋಡಲು ಬಂದಳು. ಕಿಟಕಿಯ ಬಳಿ ನಿಂತು, “ಭಾವ, ನಮ್ಮೋರು ಸರಿಯಾಗಿ ಊಟ ಮಾಡ್ತಿಲ್ಲ. ಎಡದ ಡಬ್ಬೀಲಿ ಬಲದ ಗರಿ ಬಂದಿತ್ತಂತೆ. ಅಂಟಿಸೋವಾಗ ಸಿಕ್ತು, ತೆಗೆದಿಟ್ರು. ನಾನೇ ಆರಿಸಿದ್ದು, ನನ್ನ ಕಣ್ಣು ಹೋಯ್ತು ಅಂತ ಒಂದೇ ಸಮ ಕೊರಗ್ತಿದಾರೆ” ಎಂದಳು.

“ಡಬ್ಬಿ ನಾನು ಮುಟ್ಟೇ ಇಲ್ಲ” ಎಂದ ಒಕ್ಕಣ್ಣ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾದಿನಿಗೆ ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಎರಡೂ ಕಣ್ಣಿನಿಂದ.

ಒಪ್ಪಿಸುವ ದಿನದ ಹಿಂದಿನ ಮಧ್ಯಾಹ್ನ ಷಡ್ಡಕನೇ ಬಂದ. ಬಟ್ಟೆಯಲ್ಲಿ ಸುತ್ತಿದ ತನ್ನ ಡಜನ್ನನ್ನು ಒಕ್ಕಣ್ಣನ ಮುಂದೆ ಬಿಡಿಸಿಟ್ಟ.

“ಅಣ್ಣ, ಒಂದ್ಸಲ ನೋಡಿ. ನನ್ನ ಕಣ್ಣು ನನಗೇ ನಂಬಿಕೆ ಇಲ್ಲ.”

ಒಕ್ಕಣ್ಣ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದ. ಸೊಟ್ಟ ಹುಡುಕಿದ. ಅಷ್ಟು ಆಸೆಯಿಂದ ಅವನು ಜೀವನದಲ್ಲಿ ಏನನ್ನೂ ಹುಡುಕಿರಲಿಲ್ಲ. ಗೆಣ್ಣುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು.

“ಪರವಾಗಿಲ್ಲ” ಎಂದ.

“ಬೇಡ ಬಿಡಿ ಅಣ್ಣ. ಎಡ ಬಲ ತಿಳಿಯದವನಿಗೆ ಮಾವನ ಜಾಗ ಯಾಕೆ? ನಾಳೆ ಮೇಡಂಗೆ ಹೇಳ್ಬಿಡ್ತೀನಿ, ನನ್ನದು ಬೇಡ, ಜಾಗ ಅಣ್ಣನಿಗೇ ಕೊಡಿ ಅಂತ. ನಾನು ಮತ್ತೆ ಕೊಡೆ ಹಿಡ್ಕೋತೀನಿ.”

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮುಗಿದುಹೋಗುತ್ತಿತ್ತು. ಒಕ್ಕಣ್ಣ ಮುಚ್ಚಿಕೊಂಡೇ ಕೂತಿದ್ದ. ಅಷ್ಟರಲ್ಲಿ ಒಳಗಿಂದ ಹೆಂಡತಿಯ ದನಿ ಬಂತು: “ಎಂಥಾ ದೊಡ್ಡ ಮನಸ್ಸಪ್ಪ. ಯಾರು ತಾನೇ ಹೀಗೆ ಬಿಟ್ಕೊಡ್ತಾರೆ?”

ಅವನಿಗೆ ಇನ್ನೊಂದು ಚಿತ್ರ ಕಂಡಿತು. ಈ ಸಲ ಜಗಲಿಯಲ್ಲಿ ಕೂತವನು ತಾನೇ. ಆದರೆ ಬಂದು ಹೋಗುವವರೆಲ್ಲ ಪಿಸುಗುಡುತ್ತಾರೆ: ಷಡ್ಡಕ ಬಿಟ್ಟುಕೊಟ್ಟನಂತೆ, ದೇವರಂಥ ಮನುಷ್ಯ. ಜಾಗವೇನೋ ತನಗೆ, ಹೊಗಳಿಕೆ ಮಾತ್ರ ಸಾಯುವತನಕ ಅವನಿಗೆ. ಇದನ್ನು ಒಕ್ಕಣ್ಣನಿಂದ ಸಹಿಸಲಾಗಲಿಲ್ಲ.

“ನಿನ್ನ ಕಣ್ಣಿಗೇನೂ ಆಗಿಲ್ಲ ಕಣಯ್ಯ. ಗರಿ ಬೆರೆಸಿದ್ದು ನಾನು” ಎಂದುಬಿಟ್ಟ.

ಷಡ್ಡಕ ಬಾಣವೊಂದನ್ನು ಎತ್ತಿ ಗರಿಯ ಮೇಲೆ ಬೆರಳಾಡಿಸಿದ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

“ಎಷ್ಟು ಹಾಕಿದ್ರಿ?”

“ಏಳು.”

“ನನಗೆ ಸಿಕ್ಕಿದ್ದು ಆರೇ.”

ಬೈಗುಳಕ್ಕೆ ತಯಾರಾಗಿದ್ದವನಿಗೆ ಈ ಲೆಕ್ಕ ಸಿಡಿಲಿನಂತೆ ಬಡಿಯಿತು. ಎಡದ ಡಬ್ಬಿ ಖಾಲಿಯಾಗಿತ್ತು; ಅದರ ಗರಿಯನ್ನು ಷಡ್ಡಕ ಬೇರೆ ಬಾಣಕ್ಕೆ ಬಳಸಿರಲಿಲ್ಲ, ಯಾರಿಗೂ ಮಾರಿರಲಿಲ್ಲ. ಇದ್ದರೆ ಇಲ್ಲೇ, ಈ ಮೂವತ್ತಾರರಲ್ಲೇ ಇರಬೇಕು. ಇಬ್ಬರೂ ಎದುರುಬದುರು ಕೂತರು. ಕತ್ತರಿಸಿ ಅಂಟಿಸಿದ ಮೇಲೆ ಗರಿಯ ಬಾಗು ಕಣ್ಣಿಗೆ ಬೀಳುವುದಿಲ್ಲ, ಉಗುರಿನ ತುದಿಯಿಂದ ಸವರಿ ತಿಳಿಯಬೇಕು.

“ನೀವು ಆ ಆರು ಬಾಣ ನೋಡಿ, ನಾನು ಈ ಆರು.”

“ನೀನು ನೋಡಿದ್ದನ್ನೂ ನಾನು ಇನ್ನೊಂದು ಸಲ ನೋಡ್ತೀನಿ.”

“ಬೆರೆಸೋದು ನೀವೇ, ನಂಬದೇ ಇರೋದೂ ನೀವೇ. ಚೆನ್ನಾಗಿದೆ ಅಣ್ಣ.”

ಷಡ್ಡಕ ಆಡಿದ ಬೈಗುಳ ಅಷ್ಟೇ. ಅದೂ ಒಂದು ಬೈಗುಳವೇ, ಬೈಯುವುದರಲ್ಲೂ ಜುಗ್ಗ, ಎಂದು ಒಕ್ಕಣ್ಣನಿಗೆ ಅನಿಸಿತು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಗರಿ ಸಿಕ್ಕಿತು, ಒಕ್ಕಣ್ಣನ ಉಗುರಿಗೇ. ಗೆದ್ದವನಂತೆ ಬಾಣ ಎತ್ತಿ ಹಿಡಿದ. ಗೆದ್ದದ್ದು ಏನನ್ನು ಎಂದು ಆಮೇಲೆ ಹೊಳೆದು, ತೆಪ್ಪಗೆ ಗರಿಗೆ ಸುತ್ತಿದ ದಾರ ಬಿಚ್ಚಿ, ಅದನ್ನು ಕಿತ್ತು, ತನ್ನ ಡಬ್ಬಿಯಿಂದ ಒಳ್ಳೆಯದೊಂದು ಎಡಗರಿ ಆರಿಸಿ ಅಂಟಿಸಿದ.

ಮರುದಿನ ಮೇಡಂ ಎರಡೂ ಡಜನ್ ಹಾರಿಸಿದರು. ಒಕ್ಕಣ್ಣನವು ಗುರಿಯಲ್ಲಿ ಒಂದು ತಟ್ಟೆಯಗಲದಲ್ಲಿ ಕೂತವು, ಷಡ್ಡಕನವು ಒಂದು ಲೋಟದಗಲದಲ್ಲಿ. ಜಾಗ ಷಡ್ಡಕನಿಗೆ ಹೋಯಿತು.

ಅಂದಿನಿಂದ ಒಕ್ಕಣ್ಣ ಬೀದಿಯಲ್ಲಿ ಸಿಕ್ಕವರಿಗೆಲ್ಲ, ಆ ಡಜನ್ನಿನಲ್ಲಿ ಒಂದರ ಗರಿ ಅಂಟಿಸಿದ್ದು ತಾನೇ ಎಂದು ಹೇಳಲು ಹೊರಡುತ್ತಾನೆ. ಯಾಕೆ ಅಂಟಿಸಬೇಕಾಯಿತು ಎಂಬಲ್ಲಿಗೆ ಬಂದಾಗ ಕೆಮ್ಮು ಬರುತ್ತದೆ. ಮೊನ್ನೆ ಹಾಲಿನ ಅಂಗಡಿಯವನು ಅವನನ್ನು ಅರ್ಧದಲ್ಲೇ ತಡೆದ.

“ಗೊತ್ತು ಬಿಡಿ. ಎಲ್ಲಕ್ಕಿಂತ ಚೆನ್ನಾಗಿ ಹಾರಿದ್ದು ಅಣ್ಣನ ಕೈ ಬಿದ್ದ ಬಾಣವೇ ಅಂತ ನಿಮ್ಮ ಷಡ್ಡಕ ಆಗಲೇ ಹೇಳಿದಾರೆ.”

“ಬೇರೇನೂ ಹೇಳಲಿಲ್ವಾ?”

“ಇಲ್ಲವಲ್ಲ. ಬೇರೇನಿತ್ತು?”

ಒಕ್ಕಣ್ಣ ಮನೆಗೆ ಬಂದು ಹಾಲಿನ ಪಾತ್ರೆಯನ್ನು ಕುಕ್ಕಿದ.

“ನೋಡಿದ್ಯಾ ಅವನ ಕೊಬ್ಬು?” ಎಂದ ಹೆಂಡತಿಗೆ. “ಹೊಗಳೋದನ್ನೂ ನನಗಿಂತ ಮೊದಲೇ ಮುಗಿಸಿಬಿಟ್ಟಿದಾನೆ.”