ಸುಣ್ಣದಜ್ಜಿಯ ಹೆಬ್ಬೆಟ್ಟು

ಸುಣ್ಣದಜ್ಜಿಯ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಚಿಪ್ಪು ಸುಟ್ಟು, ನೀರು ಹಾಕಿ ಅರಳಿಸಿ, ಸುಣ್ಣ ಕಲಸಿದ ಕೈ; ತುದಿಗಳು ಸವೆದು, ಬೇಯಿಸಿ ಸುಲಿದ ಗೆಣಸಿನ ಹಾಗೆ ನುಣ್ಣಗಾಗಿದ್ದವು. ಎಡಗಣ್ಣಿಗೆ ಯಾವಾಗಲೋ ಸುಣ್ಣ ಸಿಡಿದು ಬಿಳಿ ಪೊರೆ ಕಟ್ಟಿತ್ತು. ಉಳಿದ ಒಂದೇ ಕಣ್ಣಿಗೆ ಊರಿನವರ ಎರಡು ಕಣ್ಣಿಗಿಂತ ಹೆಚ್ಚು ಕಾಣುತ್ತಿತ್ತು.

ಬೆಳಗೋಡಿನ ಅಂಚಿನಲ್ಲಿ ಅವಳ ಸುಣ್ಣದ ಗೂಡು. ಘಾಟಿ ಹತ್ತಿ ಬರುವ ಲಾರಿಗಳು ಮೂಟೆಗಟ್ಟಲೆ ಕಪ್ಪೆಚಿಪ್ಪು ಇಳಿಸಿ ಹೋಗುತ್ತಿದ್ದವು. ಅದನ್ನು ಸುಟ್ಟು ಎಲೆಯಡಿಕೆಗೂ ಕಾಫಿ ಗಿಡದ ಔಷಧಿಗೂ ಮಾರುತ್ತಿದ್ದಳು. ಹುಟ್ಟಿದ್ದು ಕಡಲ ದಂಡೆಯಲ್ಲಿ, ಮದುವೆಯಾಗಿ ಘಟ್ಟ ಹತ್ತಿದವಳು. ಬಾಯಿ ಮಾತ್ರ ಪೂರ್ತಿ ನಮ್ಮ ಕಡೆಯದೇ ಆಗಿತ್ತು, ಬೈಗುಳ ಸಮೇತ. ಚೌಕಾಸಿ ಮಾಡಿದವರ ಚೀಲವನ್ನು ಕಿತ್ತು ರಸ್ತೆಗೆ ಎಸೆಯುತ್ತಿದ್ದಳು.

ನಾನು ಆ ಊರಿಗೆ ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದಲ್ಲಿ. ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತಗ್ಗಿದ ದನಿ, ಎಲ್ಲರಿಗೂ ಅಣ್ಣಾ, ಅಕ್ಕಾ. ಹೊಡೆಯುವ ಮೊದಲು ಅವನು ಕದ ಹಾಕಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಕಂಬಳಿಯಲ್ಲಿ ಸುತ್ತುತ್ತಿದ್ದ. ಆಮೇಲೆ ಮೊಣಕೈ, ಮೊಣಕಾಲಿನಿಂದ ಗುದ್ದು. ಮೈಮೇಲೆ ಗೀರು ಬೀಳಬಾರದು, ಕೂಗು ಹೊರಗೆ ಹೋಗಬಾರದು. ತವರಿನಲ್ಲಿ ಹೇಳಿದರೆ ನನ್ನಣ್ಣನೇ, "ಎಲ್ಲೈತೆ ಗಾಯ, ತೋರ್ಸು" ಅಂದ. ತೋರಿಸಲು ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಮಗಳಿಗೆ ಸರ ಮಾಡಿಕೊಡೋಣವೆಂದು ಅಜ್ಜಿಯ ರಾಶಿಯಲ್ಲಿ ತೂತಿರುವ ಚಿಪ್ಪುಗಳನ್ನು ಆರಿಸುತ್ತಿದ್ದೆ. ದುಂಡನೆಯ ತೂತು, ನಯವಾದ ಅಂಚು. ದಾರ ಪೋಣಿಸಲೆಂದೇ ಯಾರೋ ಕೊರೆದಿಟ್ಟ ಹಾಗಿತ್ತು. ಅಜ್ಜಿ ನನ್ನ ಕೈಗೆ ರಪ್ಪನೆ ಹೊಡೆದಳು. ಚಿಪ್ಪೆಲ್ಲ ಚೆಲ್ಲಿಹೋದವು.

"ಅದನ್ನ ಮಗೀನ ಕೊರಳಿಗ್ ಹಾಕ್ತೀಯೇನೇ? ಯಾರ್ ಕೊರ್ದಿದ್ದು ಗೊತ್ತಾ?"

"ನೀರಲ್ಲಿ ಸವೆದಿರ್ಬೇಕು ಅಜ್ಜಿ."

"ನೀರಲ್ಲ ಕಣೇ, ಬಸವನಹುಳ."

ನನಗೆ ನಗು ಬಂತು. ನಮ್ಮ ತೋಟದ ಬಸವನಹುಳು ಎಲೆ ತಿಂದುಕೊಂಡು ಬಿದ್ದಿರುವ ಬಡಪಾಯಿ.

"ಕಡಲಿಂದು ಸೊಪ್ ತಿನ್ನಲ್ಲ ಮಾರಾಯ್ತಿ, ಮಾಂಸ ತಿಂತೈತೆ. ಮರಳೊಳಗೇ ನುಸುಳ್ಕೊಂಡ್ ಬರ್ತೈತೆ, ಮೇಲೆ ಒಂದ್ ಗೆರೆ ಉಬ್ಬಿರ್ತೈತೆ ಅಷ್ಟೇ. ಚಿಪ್ಪು ಸಿಕ್ತಾ, ಮೆತ್ತಗೆ ತಬ್ಕಂಡು ಸುತ್ಬುಡ್ತೈತೆ. ಒಸಿ ಹುಳಿ ಬುಡೋದು, ನಾಲ್ಗೇಲಿ ಕೆರಿಯೋದು, ಮತ್ತೆ ಹುಳಿ ಬುಡೋದು. ಒಂದ್ ದಿನ, ಎರಡ್ ದಿನ. ಅವಸರಾನೇ ಇಲ್ಲ. ತೂತಾಯ್ತು ಅಂದ್ರೆ ಬಾಯಿ ಇಳ್ಸಿ, ಒಳಗಿರೋದನ್ನ ಜೀವ ಇದ್ದಂಗೇ ಕೆರ್ಕೊಂಡ್ ತಿಂತೈತೆ. ಹೊರಗಿಂದ ನೋಡೋರ್ಗೆ ಚಿಪ್ಪು ಚೆಂದಾಗೇ ಐತೆ."

ರಾಶಿಗೆ ಕೈ ಹಾಕಿ ಗೋಲಿಯಂಥ ಒಂದು ಚಿಪ್ಪು ತೆಗೆದಳು. ಅದಕ್ಕೂ ಅಂಥದೇ ತೂತು. "ನೋಡು, ಇದು ಆ ಹುಳದ್ದೇ ಚಿಪ್ಪು. ತಮ್ಮೋರನ್ನೂ ಬುಡಲ್ಲ."

ಆಮೇಲೆ ಆ ಒಂದು ಕಣ್ಣು ನನ್ನ ಮೇಲೆ ನೆಟ್ಟಿತು. "ನಿಂಗ್ಯಾಕೆ ಬಲಗೈ ಎತ್ತಕ್ಕಾಗ್ತಿಲ್ಲ?"

ಮದುವೆಯಾದ ಆರು ವರ್ಷದ್ದೆಲ್ಲ ಹೇಳಿಬಿಟ್ಟೆ. ಗಾಯ ತೋರಿಸು ಅನ್ನಲಿಲ್ಲ ಅಜ್ಜಿ. ಅದಕ್ಕೇ ಅತ್ತುಬಿಟ್ಟೆ. "ಇನ್ನೊಂದ್ ಸತಿ ಕಂಬ್ಳಿ ತಗುದ್ರೆ ಮಗೀನ ಎತ್ಕೊಂಡ್ ಇಲ್ಲಿಗ್ ಓಡ್ಬಾ" ಅಂದಳು.

ಹದಿನೈದು ದಿನಕ್ಕೆ ಓಡಿದೆ. ಹಿಂದೆಯೇ ಅವನೂ ಬಂದ, ನಗುನಗುತ್ತಾ. "ಮನೆ ವಿಷ್ಯ ಅಜ್ಜಿ, ಕಳ್ಸ್‌ಕೊಡಿ." ಅಜ್ಜಿ ಅಲುಗಲಿಲ್ಲ. ಅವನು ನನ್ನ ತುರುಬು ಹಿಡಿದು ಎಳೆದ. ಚಿಪ್ಪಿನ ರಾಶಿಗೆ ಮುಖ ಬಡಿದು ತುಟಿ ಸೀಳಿತು. ಮಗಳು ಕಿರುಚಿದಳು. ಅಜ್ಜಿ ಆಗತಾನೆ ಸುಟ್ಟು ಹರಡಿದ್ದ ಚಿಪ್ಪಿನ ಮೇಲೆ ನೀರಿನ ಬಿಂದಿಗೆ ಮಗುಚಿದಳು. ಅದು ಬುಸುಗುಟ್ಟಿ, ಸಿಡಿದು, ಕುದಿಯತೊಡಗಿತು. ಒಂದು ಸಲಿಕೆ ಬಾಚಿ ಅವನ ಕಾಲಿಗೆ ಬೀಸಿದಳು.

ಅವನು ಬಿದ್ದು ಹೊರಳಾಡಿದ. ಪಂಚೆಯೊಂದಿಗೆ ಚರ್ಮವೂ ಎದ್ದು ಬಂತು. ಆ ತಗ್ಗಿದ ದನಿಯವನ ಕೂಗು ಇಡೀ ಬೀದಿಗೆ ಕೇಳಿತು. ಅಜ್ಜಿ ಎರಡನೆಯ ಸಲಿಕೆ ತುಂಬಿಕೊಂಡು ನಿಂತಳು.

"ಕೂಗು. ಆರ್ ವರ್ಷದ್ದು ಇವ್ಳ್ ಪಾಲಿಂದೂ ಸೇರ್ಸಿ ಕೂಗು."

ನನಗೆ ಮರುಕ ಬರಲಿಲ್ಲ. ಖುಷಿಯಾಯಿತು. ನೆನೆದರೆ ಈಗಲೂ ಆಗುತ್ತದೆ.

ಠಾಣೆಯಲ್ಲಿ ಅವನಿಗೆ ತೋರಿಸಲು ಸುಟ್ಟ ಕಾಲುಗಳಿದ್ದವು. ನನಗೆ ಒಂದು ತುಟಿ. ಅದೂ ಜಾರಿ ಬಿದ್ದು ಆದದ್ದು ಅಂದ. ಬೀದಿಯವರೆಲ್ಲ ನೋಡಿದ್ದರು, ಯಾರೂ ಸಾಕ್ಷಿಗೆ ಬರಲಿಲ್ಲ. ಅಜ್ಜಿ ಬಂದಳು. ಅವನು ತುರುಬು ಹಿಡಿದದ್ದನ್ನು ಹೇಳಿದರೆ ತಾನು ಸುಣ್ಣ ಎರಚಿದ್ದನ್ನೂ ಹೇಳಬೇಕಾಗುತ್ತದೆ, ಒಳಗೆ ಹಾಕುತ್ತಾರೆ ಎಂದು ಗೊತ್ತಿತ್ತು. ಎರಡನ್ನೂ ಹೇಳಿ ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ಬರೀ ಮಸಿಯ ಉಂಡೆ ಮೂಡಿತು.

"ಏನಜ್ಜಿ, ಗೆರೆನೇ ಇಲ್ಲ! ಇದ್ ಯಾರ್ದು ಅಂತ ಹೆಂಗ್ ಹೇಳಾದು?" ಅಂದ ಪೇದೆ.

"ಸುಣ್ಣ ಎರಚಿದ್ ಕೈ ಅಂತ ಬರ್ಕೊಳ್ಳಪ್ಪ. ಇಂಥದ್ ಇನ್ನೊಂದ್ ಊರಲ್ಲಿದ್ರೆ ತೋರ್ಸು."

ನಾಲ್ಕು ದಿನ ಒಳಗಿದ್ದು ಬಂದಳು. ನಾನು ಮಗಳೊಂದಿಗೆ ಆಲೂರಿಗೆ ಬಂದು ಹೊಲಿಗೆ ಹಿಡಿದೆ. ಅವನು ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಕೆಲವು ವರ್ಷಗಳ ನಂತರ ಅಜ್ಜಿ ಹೋದ ಸುದ್ದಿ ಬಂತು. ಹೋಗಿ ನೋಡಿದೆ, ಗೂಡು ತಣ್ಣಗಿತ್ತು, ಅವಳ ಕೈಗಳೂ. ಮನೆಗೆ ಬಂದು, ಅಂದು ಠಾಣೆಯಿಂದ ಪಡೆದಿದ್ದ ಆ ಹೇಳಿಕೆಯ ಜೆರಾಕ್ಸ್ ನಕಲನ್ನು ಪೆಟ್ಟಿಗೆಯಿಂದ ತೆಗೆದೆ. ಕೆಳಗಡೆ ಗೆರೆಯಿಲ್ಲದ ಕಪ್ಪು ಉಂಡೆ ಹಾಗೇ ಇತ್ತು. ಇಡೀ ಊರಿನಲ್ಲಿ ನನ್ನ ಮಾತಿಗೆ ಬಿದ್ದ ಗುರುತು ಅದೊಂದೇ.