ಹೇಳದವರ ಖಾರಕ್ಕೆ ಬೆಳ್ಳುಳ್ಳಿ ಇಲ್ಲ

ಶ್ರಾವಣದಲ್ಲಿ, ಏನೂ ಹೇಳದೆ ಖಾರ ಕೇಳಿದವರಿಗೆ ಬೆಳ್ಳುಳ್ಳಿ ಹಾಕಬಾರದು. ಇದು ನಮ್ಮತ್ತೆಯ ಕಟ್ಟಳೆ. ಬೆಳ್ಳುಳ್ಳಿ ತಿನ್ನುವವರು ಅದಿಲ್ಲದೆಯೂ ಉಣ್ಣುತ್ತಾರೆ. ವ್ರತ ಹಿಡಿದವರು ಅದನ್ನು ಒಮ್ಮೆ ಉಂಡರೂ ವ್ರತ ಕೆಟ್ಟಂತೆ.

ಬ್ಯಾಡಗಿಯ ನಮ್ಮ ಮನೆಯಲ್ಲಿ ನಾನೂ ಪಕ್ಕದ ಮನೆಯ ಅಕ್ಕನೂ ಮಸಾಲೆ ಖಾರ ಮಾಡಿ ಹಾವೇರಿ, ರಾಣೆಬೆನ್ನೂರಿನ ಮನೆಗಳಿಗೆ ಕಳಿಸುತ್ತೇವೆ. ಯಾರಿಗೆ ಯಾವ ಖಾರ ಎಂದು ನೆನಪಿಡಲು ಮೊಬೈಲ್ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಅದರಲ್ಲಿ ಡಿಕ್ಷನರಿ ಎಂಬ ಪಟ್ಟಿ ಇದೆ, ಹೆಸರು ಕೊಟ್ಟರೆ ಖಾರದ ಬಗೆ ಹೇಳುತ್ತದೆ. ಇಲ್ಲದ ಹೆಸರು ಕೇಳಿದರೆ ಎರರ್ ಎಂದು ನಿಂತುಬಿಡುತ್ತದೆ. ಹಾಗಾಗಿ ಅದರಿಂದಲೇ ನನ್ನದೊಂದು ಕ್ಲಾಸ್, ಅಂದರೆ ಹೊಸ ಬಗೆಯ ಡಿಕ್ಷನರಿ ಮಾಡಿ, ಗೊತ್ತಿಲ್ಲದ ಹೆಸರಿಗೆ 'ಬೆಳ್ಳುಳ್ಳಿ ಇಲ್ಲ' ಎನ್ನುವ ಮಿಸ್ಸಿಂಗ್ ಮೆಥಡ್ ಬರೆದೆ. ಉಳಿದ ಗುಣವೆಲ್ಲ ಹಳೆಯ ಡಿಕ್ಷನರಿಯದೇ.

ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿಸುವ ಮೈದುನ ನೋಡಿ ನಕ್ಕ. "ವೈನಿ, ಡಿಕ್ಷನರಿ ದೊಡ್ಡೋರು ಮಾಡಿಟ್ಟಾರ. ಅದನ್ನ ಯಾಕ ಕೆದಕ್ತೀರಿ?"

"ರೊಟ್ಟಿನೂ ದೊಡ್ಡೋರ ಮಾಡಿಟ್ಟಾರ. ನಾ ಎಳ್ಳು ಹಚ್ಚಿ ಬಡಿತೀನಿ. ಅದು ರೊಟ್ಟಿ ಅಲ್ಲೇನು?"

ಅದೇ ವಾರ ಮೋಟೆಬೆನ್ನೂರಿನ ಅಜ್ಜಿಯೊಬ್ಬರು ಮೊದಲ ಸಲ ಖಾರ ಹೇಳಿ ಕಳಿಸಿದರು. ಪೊಟ್ಟಣಕ್ಕೆ ಅಂಟಿಸಲು ನನ್ನ ಪ್ರೋಗ್ರಾಂ ಬರೆದುಕೊಡುವ ಚೀಟಿಯಲ್ಲಿ ಅವರ ಖಾರದ ಬಗೆ ಖಾಲಿ ಬಂತು. ಖಾಲಿ ಅಂದರೆ ಎಂದಿನ ಖಾರ ಎಂದುಕೊಂಡು ಅಕ್ಕ ಬೆಳ್ಳುಳ್ಳಿ ಹಾಕಿಯೇಬಿಟ್ಟಳು. ಪೊಟ್ಟಣ ಕಟ್ಟುವ ಮೊದಲೇ ವಾಸನೆ ನನ್ನ ಮೂಗಿಗೆ ಬಡಿಯಿತು. ದೇವರು ದೊಡ್ಡವನು, ಮೂಗು ಕೊಟ್ಟಿದ್ದಾನೆ. ಫೋನ್ ಮಾಡಿದರೆ ಅಜ್ಜಿ, "ಶ್ರಾವಣ ಮುಗಿಯೂತನಕ ಬೆಳ್ಳುಳ್ಳಿ ಮುಟ್ಟಂಗಿಲ್ಲವ್ವ, ಹೇಳೂದ ಮರತೆ" ಎಂದರು.

ಪ್ರೋಗ್ರಾಂನಲ್ಲಿ ಚೀಟಿ ಬರೆಯುವ ಸಾಲಿನಲ್ಲಿ ಗೆಟ್ ಇತ್ತು; ಡಿಕ್ಷನರಿಯನ್ನು ಕೇಳುವ ಇನ್ನೊಂದು ದಾರಿ ಅದು, ಹೆಸರು ಸಿಗದಿದ್ದರೆ ಎರರ್ ಎನ್ನದೆ ಖಾಲಿ ಕೊಡುತ್ತದೆ. ಚೌಕ ಕಂಸದಲ್ಲಿ ಹೆಸರಿಟ್ಟು ಕೇಳಿದರೆ ಮಾತ್ರ ನನ್ನ ಮಿಸ್ಸಿಂಗ್ ಓಡುತ್ತದೆ. ಗೆಟ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

"ಬ್ಯಾಡಂದ್ರ ಕೇಳಿದ್ರೇನು?" ಎಂದ ಮೈದುನ. "ಸಾದಾ ಡಿಕ್ಷನರಿ ಇಟ್ಟು, ಗೆಟ್ ಬರ್ಯೂ ಕಡೆಗೆಲ್ಲಾ 'ಬೆಳ್ಳುಳ್ಳಿ ಇಲ್ಲ' ಅಂತ ಸೇರಿಸಿದ್ರ ಸಾಕಾಗ್ತಿತ್ತು."

"ಒಂದು ಕಡೆ ಮರತರ? ಅಜ್ಜಿ ವ್ರತ ನನ್ನ ನೆನಪಿನ ಮ್ಯಾಲ ನಿಂದರಬೇಕೇನು?"

"ಹಂಗಾದ್ರ ಗೆಟ್ಟೂ ನೀವ ಬರೀಬೇಕಾಗತೈತಿ."

"ಬರೀತೀನಿ."

ಒಲೆಯ ಮೇಲೆ ಬೇಳೆ ಕುದಿಯುವಷ್ಟರಲ್ಲಿ ಬರೆದೆ. ನನ್ನ ಕ್ಲಾಸಿನ ಗೆಟ್ ಈಗ ಚೌಕ ಕಂಸದ ದಾರಿಯಲ್ಲೇ ಹೋಗಿ ಕೇಳುತ್ತದೆ. ಮೈದುನನೇ ಯಾವುದೋ ಹೊಸ ಹೆಸರು ಕೊಟ್ಟು ಎರಡೂ ಬಗೆಯಲ್ಲಿ ಕೇಳಿದ. ಎರಡೂ ಸಲ 'ಬೆಳ್ಳುಳ್ಳಿ ಇಲ್ಲ' ಎಂದಿತು.

ಅಜ್ಜಿಗೆ ಹೊಸದಾಗಿ ಕುಟ್ಟಿದ ಖಾರ ಮಧ್ಯಾಹ್ನದ ಬಸ್ಸಿಗೆ ಹೋಯಿತು. ಬೆಳ್ಳುಳ್ಳಿ ಬಿದ್ದದ್ದನ್ನು ಮೈದುನನ ಕೈಗಿಟ್ಟೆ.

"ನನಗ್ಯಾಕ್ರಿ ಇದು?"

"ನಿನ್ನ ಹೆಸರಿಗೆ ಬೆಳ್ಳುಳ್ಳಿ ಐತಿ ಅಂತ ಬರದೇನಿ ತಮ್ಮಾ. ಎರರ್ ಬರಂಗಿಲ್ಲ, ಉಣ್ಣು."