ಎಡಭುಜದ ಕುಬಸ

ಅವಳ ಎಡಭುಜದಲ್ಲಿ, ಕೊರಳೆಲುಬಿನ ಕೆಳಗೆ, ಅಂಗೈಯಗಲದ ಕಲೆಯಿತ್ತು. ನಡುವೆ ನೇರಳೆ ಹಣ್ಣಿನ ಬಣ್ಣ, ಅಂಚಿಗೆ ಅರಿಶಿನ. ಚಿತ್ತಾಪುರದ ನನ್ನ ಹೊಲಿಗೆ ಅಂಗಡಿಯಲ್ಲಿ, ಪರದೆಯ ಹಿಂದೆ ಸೆರಗು ಸರಿಸಿ ಅವಳು ಅದನ್ನು ತೋರಿಸಿದಾಗ ಗಂಡ ಹೊಡೆದಿರಬೇಕೆಂದುಕೊಂಡೆ. ತಡೆಯಲಾಗದೆ ಕೇಳಿಯೂ ಬಿಟ್ಟೆ. ಅವಳು ನಕ್ಕಳು. ಗಂಡ ತೀರಿಕೊಂಡು ವರ್ಷವಾಗಿತ್ತು. ಹೊಡೆದದ್ದು ಅವನು ಬಿಟ್ಟುಹೋದ ಬಂದೂಕು, ಹಾರಿಸಿದಾಗ ಹಿಂದಕ್ಕೆ ಒದ್ದು.

ಗುಂಡಗುರ್ತಿಯ ಕಡೆಯವಳು. ನಾನು ಆಯಿ ಎನ್ನುತ್ತಿದ್ದೆ. ಹೊಲ ಗುಡ್ಡದ ಬುಡದಲ್ಲಿ. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಕಾಡಹಂದಿಗಳು ಇಳಿದು ಒಂದೇ ಮುಂಜಾವಿನಲ್ಲಿ ನಾಲ್ಕು ಸಾಲು ಮಲಗಿಸಿ ಹೋಗುತ್ತಿದ್ದವು. ಬೆಳೆ ಕಾಯಲೆಂದು ಮನೆಯಲ್ಲಿ ಲೈಸೆನ್ಸಿನ ಒಂಟಿ ನಳಿಗೆಯ ಬಂದೂಕಿತ್ತು. ಗಾಳಿಗೆ ಹಾರಿಸಿ ಹಿಂಡು ಓಡಿಸುವುದೇ ಹೆಚ್ಚು. ಹಿರಿಯರು ಬೇಟೆಯಾಡಿದವರು, ಬೇಟೆ ನಿಂತು ತಲೆಮಾರು ಕಳೆದಿದ್ದರೂ ಮನೆಯಲ್ಲಿ ಗುರಿಯ ಪಾಠ ನಿಂತಿರಲಿಲ್ಲ.

ಹರೆಯದಲ್ಲಿ ತೊಗರಿ ಕಟ್ಟಿಗೆ ಚುಚ್ಚಿ ಅವಳ ಬಲಗಣ್ಣು ಹೋಗಿತ್ತು. ಎಡಗಣ್ಣಿನಿಂದ ನೋಡಬೇಕಾದ್ದರಿಂದ ಬಂದೂಕನ್ನು ಎಡಭುಜಕ್ಕೇ ಆನಿಸುತ್ತಿದ್ದಳು. ಲೈಸೆನ್ಸ್ ಅವಳ ಹೆಸರಿಗಾಗಬೇಕಾದರೆ ಕಲಬುರಗಿಯಲ್ಲಿ ಅಧಿಕಾರಿಗಳ ಮುಂದೆ ಬಂದೂಕು ಹಾರಿಸಿ ತೋರಿಸಬೇಕಿತ್ತು. ಒಕ್ಕಣ್ಣಿನ ಹೆಂಗಸಿಗೆ ಬಂದೂಕೇಕೆ, ನನಗೆ ಕೊಡಿ ಎಂದು ಮೈದುನ ಅರ್ಜಿ ಹಾಕಿ ಕುಳಿತಿದ್ದ. ಬಂದೂಕು ಅವನ ಕೈ ಸೇರಿದರೆ ಹೊಲ ಕಾಯುವವನು ಅವನಾಗುತ್ತಾನೆ, ಆಮೇಲೆ ಹೊಲವೂ ಅವನದೇ ಆಗುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಂದೂಕಿನ ಅಂಗಡಿಗೂ ಹೋಗಿ ಬಂದಿದ್ದಳು. ಗುರಿಯಿಡುವವರು ತೊಡುವ ಅಂಗಿಗಳು ಅಲ್ಲಿದ್ದವು, ಆದರೆ ಒದೆತ ತಾಳುವ ಮೆತ್ತೆ ಎಲ್ಲಕ್ಕೂ ಬಲಭುಜಕ್ಕೇ. ಕಾಡತೂಸು ಸಿಕ್ಕಿಸುವ ಪಟ್ಟಿಯನ್ನು ಸೀರೆಯ ಮೇಲೆ ಬಿಗಿದರೆ ನಿರಿಗೆ ಜಾರುತ್ತಿತ್ತು. ಹೆಂಗಸರದ್ದು ಇಲ್ಲವೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಅದೇ ಅಂಗಿಯನ್ನು ಗುಲಾಬಿ ಬಣ್ಣದಲ್ಲಿ ತೆಗೆದನಂತೆ.

"ಹಂದಿ ಏನ್ ಕನ್ಯಾ ನೋಡಾಕ ಬರ್ತಾವೇನ್ರಿ?" ಎಂದು ಎದ್ದು ಬಂದಳಂತೆ.

ಸಮಾಧಾನಕ್ಕೆಂದು ಅವನು ಕೊಟ್ಟಿದ್ದ ಶೂಟಿಂಗ್ ಮಾಸಪತ್ರಿಕೆಯೊಂದನ್ನು ನನ್ನ ಮೇಜಿನ ಮೇಲೆ ಒಗೆದು, ಭುಜಕ್ಕೆ ಮೆತ್ತೆಯಿಟ್ಟು ಕುಬಸ ಹೊಲಿದು ಕೊಡು ಎಂದಳು. ಹೊಳೆಯುವ ಹಾಳೆಗಳು. ಟೋಪಿ, ಬೂಟು, ಕನ್ನಡಕ, ಚೀಲ. ಒಂದು ಹಾಳೆಯಲ್ಲೂ ಸೀರೆಯಿಲ್ಲ, ಬೂಟಿಗೆ ಎರೆ ಮಣ್ಣು ಮೆತ್ತಿಲ್ಲ. ಅಷ್ಟೊಂದು ತಲೆ ಓಡಿಸಿ ಸಾಮಾನು ಮಾಡುವವರಿಗೆ ಹೊಲ ಕಾಯುವ ಹೆಂಗಸು ಒಬ್ಬಳೂ ಕಂಡಿಲ್ಲವೆಂದರೆ ಕಣ್ಣು ಹೋದದ್ದು ಯಾರದು?

ಹೀಗೆ ಕೇಳುವ ನನ್ನ ಜಾಣತನವೂ ಅಷ್ಟರಲ್ಲೇ ಇತ್ತು. ಅವಳನ್ನು ಕೈ ಇಳಿಬಿಟ್ಟು ನಿಲ್ಲಿಸಿ ಅಳತೆ ತೆಗೆದೆ, ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಸ್ಪಂಜಿನ ಮೆತ್ತೆ ಹಾಕಿ ಕುಬಸ ಹೊಲಿದೆ. ಮುಂದಿನ ಸಂತೆಗೆ ಬಂದು ತೊಟ್ಟು ನೋಡಿದಳು. ಮೆತ್ತೆ ಬಲಭುಜದಲ್ಲಿತ್ತು! ಕಣ್ಣಾರೆ ಕಂಡ ಕಲೆಯನ್ನು ಬಿಟ್ಟು ಪುಸ್ತಕದ ಚಿತ್ರವನ್ನು ನಂಬಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವಳು ಬೈಯಲಿಲ್ಲ. ನನ್ನ ಗಜಕಡ್ಡಿಯನ್ನು ಎತ್ತಿಕೊಂಡು ಬಂದೂಕಿನಂತೆ ಎಡಭುಜಕ್ಕೆ ಆನಿಸಿ ನಿಂತಳು.

"ಹಿಂಗ ನಿಂತಾಗ ಅಳತಿ ತಗೋ ಮಗಳ. ನಾ ಹಂದಿ ಮುಂದ ಕೈ ಇಳಿಬಿಟ್ಟು ನಿಂದ್ರಂಗಿಲ್ಲ."

ಅಳತೆಯೇ ಬೇರೆಯಾಯಿತು. ಕಂಕುಳಲ್ಲಿ ಎರಡು ಬೆರಳು ಹೆಚ್ಚು ಬಟ್ಟೆ, ಬೆನ್ನಲ್ಲಿ ಸಡಿಲು. ಸ್ಪಂಜು ಬೇಡವೆಂದು ಗಂಡನ ಹಳೆಯ ಧೋತರ ಕೊಟ್ಟಳು. ಅದನ್ನು ಏಳು ಪದರು ಮಡಚಿ, ಕೌದಿಯ ಹೊಲಿಗೆ ಹಾಕಿ ಎಡಭುಜಕ್ಕೆ ಕೂರಿಸಿದೆ. ಬಲಪಕ್ಕೆಯಲ್ಲಿ ಕಾಡತೂಸಿಗೆ ಎರಡು ಕಿಸೆ. ಅಲ್ಲಿಯವರೆಗೆ ಅವು ಎಲೆ ಅಡಿಕೆಯ ಚಂಚಿಯಲ್ಲಿರುತ್ತಿದ್ದವು; ಒಮ್ಮೆ ಹಂದಿ ಎದುರಿಗಿದ್ದಾಗ ಕೈಗೆ ಸುಣ್ಣದ ಡಬ್ಬಿ ಬಂದಿತ್ತಂತೆ.

ಪರೀಕ್ಷೆಯ ದಿನ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಮೈದುನ ಬೇವಿನ ನೆರಳಲ್ಲಿ ಕುಳಿತಿದ್ದ. ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಒಳ್ಳೆಯವರೇ. ಬಂದೂಕು ಬಲಕ್ಕೆ ಹಿಡಿಯಿರಿ, ಒಂದು ಕಣ್ಣು ಮುಚ್ಚಿರಿ ಎಂದರು.

"ನೀವು ಮುಚ್ಚೂದು ಕಲಿಬೇಕ್ರಿ ಸಾಹೇಬ್ರ," ಎಂದಳು ಆಯಿ, "ನಂದು ಮುಚ್ಚೇ ಅದ."

ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಸೆರಗು ಸಿಕ್ಕಿಸಿ, ಬೆಳ್ಳಿ ಬಳೆಗಳು ಸಪ್ಪಳ ಮಾಡದಂತೆ ಮೇಲೇರಿಸಿ, ಎಡಕ್ಕೆ ಆನಿಸಿ ಹಾರಿಸಿದಳು. ಗುರಿಯ ಹಲಗೆ ನಡುವಿಗೆ ತೂತಾಯಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಹಾರಿಸಿದಳು. ಸಹಿ ಬಿತ್ತು. ಮೈದುನ ಯಾವಾಗ ಎದ್ದು ಹೋದನೋ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವಳು ಸೆರಗು ಮರೆಮಾಡಿ, ಕುಬಸದ ಅಂಚು ಸರಿಸಿ ಭುಜ ತೋರಿಸಿದಳು. ಹೊಸ ಕಲೆ ಇರಲಿಲ್ಲ. ನಾನು ಅತ್ತುಬಿಟ್ಟೆ.

ಅವಳು ಹೇಳಿದಂತೆ ಆ ಪತ್ರಿಕೆಗೆ ಕಾಗದವನ್ನೂ ಬರೆದೆ. "ನಿಮ್ಮ ಪುಸ್ತಕದ ಮಂದಿ ಆಟಕ್ಕ ಗುರಿ ಇಡ್ತಾರ, ನಾವು ಬೆಳಿ ಉಳಿಸ್ಲಿಕ್ಕ ಇಡ್ತೀವಿ. ನಮ್ಮದೂ ಒಂದು ಚಿತ್ರ ಹಾಕ್ರಿ." ಉತ್ತರ ಬರಲಿಲ್ಲ. ಬರದಿದ್ದರೆ ಬಿಟ್ಟಿತು. ಅಂದಿನಿಂದ ನಾನು ಯಾರನ್ನೂ ಕೈ ಇಳಿಬಿಟ್ಟು ನಿಲ್ಲಿಸಿ ಅಳೆದಿಲ್ಲ. ಶಹಾಬಾದಿನ ಕಲ್ಲಿನ ಗಣಿಯ ಹೆಂಗಸರು ಬಂದರೆ ಹಾಸುಗಲ್ಲು ಎತ್ತುವಂತೆ ಬಾಗಿಸುತ್ತೇನೆ. ವಾಡಿಯಲ್ಲಿ ಗಾರೆ ಹೊರುವವರು ಬಂದರೆ ಬುಟ್ಟಿ ಹಿಡಿದಂತೆ ಕೈ ಎತ್ತಿಸುತ್ತೇನೆ. ನನ್ನ ಕುಬಸ ಕಂಕುಳಲ್ಲಿ ಹರಿಯುವುದಿಲ್ಲ ಎಂದು ಊರೂರಲ್ಲಿ ಹೇಳುತ್ತಾರೆ. ಆ ಹೆಸರು ನನ್ನದಲ್ಲ, ಅವಳದು.

ಹೋದ ವರ್ಷ ಎಳ್ಳಮಾಸಿಯ ಹಬ್ಬ ಮುಗಿದ ವಾರಕ್ಕೆ ಆಯಿ ತೀರಿಕೊಂಡಳು. ಜ್ವರ ಮೂರೇ ದಿನ. ಹೊಲದಲ್ಲಿ ತೊಗರಿ ಹಾಗೇ ನಿಂತಿತ್ತು. ತಿಂಗಳಾದ ಮೇಲೆ ಸೇಡಂಗೆ ಕೊಟ್ಟಿದ್ದ ಅವಳ ಮಗಳು ಆ ಕುಬಸವನ್ನು ಮಡಚಿ ಹಿಡಿದು ಅಂಗಡಿಗೆ ಬಂದಳು. ಗಂಡನೊಡನೆ ತಾಯಿಯ ಹೊಲಕ್ಕೇ ಬಂದು ನಿಂತಿದ್ದಾಳಂತೆ.

"ಕಾಕಾ ಬಂದೂಕಿಗೆ ಮತ್ತ ಅರ್ಜಿ ಕೊಟ್ಟಾನ್ರಿ, ನಾನೂ ಕೊಟ್ಟೀನಿ. ನನ್ನ ಎರಡೂ ಕಣ್ಣು ಚೊಲೊ ಅವ. ಮೆತ್ತಿ ಬಿಚ್ಚಿ ಬಲಕ್ಕ ಹಾಕಿ ಕೊಡ್ರಿ."

ನಾನು ಬಿಚ್ಚಲಿಲ್ಲ. ಬಣ್ಣಬಣ್ಣದ ಕುಬಸಗಳ ಚಿತ್ರವಿದ್ದ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು, ಅದೇ ಮೊಳೆಗೆ ಆಯಿಯ ಕುಬಸ ತೂಗುಹಾಕಿದೆ. ಆಮೇಲೆ ಗಜಕಡ್ಡಿಯನ್ನು ಮಗಳ ಕೈಗೆ ಕೊಟ್ಟು, "ಎತ್ತಿ ಹಿಡಿ ತಂಗಿ," ಎಂದೆ.